‘ಬೇಕಾದ’ ಎಂಬ ಫೋಲ್ಡರ್

ನನ್ನ ಹೆಂಡತಿಗೆ ಕಣ್ಣು ಕಾಣುವುದಿಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅವಳು ಅನುವಾದಕಿ. ಲ್ಯಾಪ್‌ಟಾಪಿನಲ್ಲಿರುವುದನ್ನು ಒಂದು ದನಿ ಅವಳಿಗೆ ಓದಿ ಹೇಳುತ್ತದೆ. ಅದೇ ಸಾಲು ಕೀಬೋರ್ಡಿನ ಮುಂದಿನ ಬ್ರೈಲ್ ಪಟ್ಟಿಯಲ್ಲಿ ಚುಕ್ಕಿಗಳಾಗಿ ಎದ್ದು ಬೆರಳಿಗೆ ಸಿಗುತ್ತದೆ. ದನಿಯಲ್ಲಿ ಶ, ಷ ಎರಡೂ ಒಂದೇ. ಬೆರಳಿಗೆ ಹಾಗಲ್ಲ.

ಆ ಸೋಮವಾರ ಅವಳಿಗೆ ಬಡ್ತಿ ಪರೀಕ್ಷೆ. ಸ್ವಂತ ಲ್ಯಾಪ್‌ಟಾಪನ್ನೂ ಪಟ್ಟಿಯನ್ನೂ ಒಳಗೆ ಒಯ್ಯುವ ಅನುಮತಿಗೇ ತಿಂಗಳುಗಟ್ಟಲೆ ಅರ್ಜಿ ಬರೆದಿದ್ದಳು.

ಲ್ಯಾಪ್‌ಟಾಪಿನ ವಿಂಡೋಸ್ ಅನ್ನು ಅವಳ ಸಹೋದ್ಯೋಗಿಯೊಬ್ಬರು ಅವಳಿಗೆಂದೇ ಕತ್ತರಿಸಿ ಹಗುರ ಮಾಡಿಕೊಟ್ಟಿದ್ದರು. ಆಟ, ಸುದ್ದಿ, ಜಾಹೀರಾತು ಯಾವುದೂ ಇಲ್ಲ. ಹಿಂದಿನ ಸ್ಥಿತಿಗೆ ಮರಳುವ ಸೌಲಭ್ಯವೂ ಇಲ್ಲ. ಉಳಿದ ತೊಂದರೆ ಒಂದೇ: ಎಂದೋ ಬಳಕೆ ಬಿಟ್ಟ ಪ್ರಿಂಟರನ್ನು ನಡೆಸುವ ತಂತ್ರಾಂಶ, ಅಂದರೆ ಅದರ ಡ್ರೈವರ್, ಆಗಾಗ ಎಚ್ಚರಿಕೆ ಕೊಡುತ್ತಿತ್ತು, ದನಿ ಅದನ್ನೂ ನಡುವೆ ಓದುತ್ತಿತ್ತು. ಪರೀಕ್ಷೆಗೆ ಮೊದಲು ಅದು ಹೋಗಬೇಕಿತ್ತು.

ಶನಿವಾರ ಮಧ್ಯಾಹ್ನ ನಾನು ನಾವಿರುವ ಹಿಂದಿ ಸೀಮೆಯ ಇಂದಿರಾಪುರಂನ ರಿಪೇರಿ ಅಂಗಡಿಗೆ ಹೊರಟೆ. “ಪಟ್ಟಿನೂ ತಗೊಂಡು ಹೋಗಿ,” ಎಂದಳು. “ಪ್ರಿಂಟರ್ ಕೆಲಸಕ್ಕೆ ಅದ್ಯಾಕೆ?” ಎಂದು ಬಿಟ್ಟು ಹೋದೆ. ಅಂಗಡಿಯವನಿಗೆ ಪ್ರಿಂಟರಿನದೊಂದನ್ನೇ ತೆಗೆಯಲು ಹೇಳಿ, ತರಕಾರಿ ಕೊಳ್ಳಲು ಹೋದೆ.

ಸಂಜೆ ಅವಳು ಪಟ್ಟಿ ಜೋಡಿಸಿದಳು. ಒಂದು ಚುಕ್ಕಿಯೂ ಏಳಲಿಲ್ಲ. ತಂತಿ ಕಿತ್ತು ಮತ್ತೆ ಹಾಕಿದಳು. ಬೆರಳುಗಳು ಪಟ್ಟಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದವು. “ಏನು ಮಾಡಿಸಿದ್ರಿ?” ಎಂದಳು.

ಇಬ್ಬರೂ ಅಂಗಡಿಗೆ ಹೋದೆವು.

“ಭಯ್ಯಾ, ಪ್ರಿಂಟರ್ ಬಿಟ್ಟು ಇನ್ನೇನು ತೆಗೆದೆ?” ನಾನು ಹಿಂದಿಯಲ್ಲಿ ಕೇಳಿದೆ.

“ಮಂಕಾಗಿ ಕಾಣ್ತಿದ್ದವನ್ನೆಲ್ಲ ತೆಗೆದೆ, ಸರ್‌ಜೀ. ಫ್ರೀ ಸರ್ವಿಸ್!”

ಆ ಹೊತ್ತಿಗೆ ಜೋಡಿಸಿರದ ಸಾಧನಗಳ ಹೆಸರು ಪರದೆಯ ಮೇಲಿನ ಸಾಧನಗಳ ಯಾದಿಯಲ್ಲಿ ಮಂಕಾಗಿ ಕಾಣುತ್ತದೆ. ಮನೆಯಲ್ಲಿ ಉಳಿದಿದ್ದ ಬ್ರೈಲ್ ಪಟ್ಟಿಯ ಹೆಸರೂ ಹಾಗೆಯೇ ಕಂಡಿತ್ತು; ಅದರ ಡ್ರೈವರೂ ಹೋಗಿತ್ತು.

“ಅದರ ಪ್ರತಿ ಇನ್ನೊಂದು ಫೋಲ್ಡರಿನಲ್ಲಿತ್ತಲ್ಲ?” ಎಂದೆ.

“ಅದನ್ನೂ ಪೂರ್ತಿ ಅಳಿಸಿದೆ. ನೀವೇ ಬರೆದಿದ್ರಲ್ಲ, ಬೇಕಾರ್ ಡ್ರೈವರ್ಸ್ ಅಂತ! ಕೊನೆಗೆ ಆರ್ ಬದಲು ಡಿ, ಎ ಬಿದ್ದಿತ್ತು, ಅಷ್ಟೆ.”

ಆ ಹೆಸರು ಇಟ್ಟವನು ನಾನು. ತಯಾರಕರು ಈ ಹಳೆಯ ಪಟ್ಟಿಯ ಡ್ರೈವರ್ ಕೊಡುವುದನ್ನು ನಿಲ್ಲಿಸಿದಾಗ, ಉಳಿದಿದ್ದ ಪ್ರತಿಯನ್ನು ಅದೇ ಲ್ಯಾಪ್‌ಟಾಪಿನಲ್ಲಿ ಇಟ್ಟು, ಇಂಗ್ಲಿಷ್ ಅಕ್ಷರಗಳಲ್ಲಿ ‘ಬೇಕಾದ ಡ್ರೈವರ್ಸ್’ ಎಂದು ಬರೆದಿದ್ದೆ. ನಮಗೆ ಬೇಕಾದದ್ದು ಅವನ ಹಿಂದಿಯಲ್ಲಿ ಬೇಕಾರ್, ಕೆಲಸಕ್ಕೆ ಬಾರದ್ದು, ಆಗಿತ್ತು. ನಾನು ಕೆಲಸ ಮಾಡುವ ಸುದ್ದಿಮನೆಯಲ್ಲಿ ಅನುಮಾನ ಬಂದ ಪದವನ್ನು ಬರೆದವರನ್ನು ಕೇಳದೆ ತಿದ್ದುವುದಿಲ್ಲ. ಇವನ ಬಳಿ ನನ್ನ ಫೋನ್ ನಂಬರಿತ್ತು. ಕೇಳಲಿಲ್ಲ.

“ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಕೊಂಡು, ಒಂದೊಂದಾಗಿ ತೆಗೆದು, ಪ್ರತಿ ಸಲ ಪರೀಕ್ಷಿಸಬಾರದಿತ್ತೇ?” ಎಂದೆ. ನನ್ನ ದನಿ ಏರಿತ್ತು.

“ಅರೇ ಸರ್‌ಜೀ, ಇಷ್ಟು ಟೆನ್ಶನ್ ಯಾಕೆ? ಮಾತಾಡೋದು ಮಾತಾಡ್ತಾ ಇದೆ. ಮೇಡಂಗೆ ಕಾಣೋದೂ ಇಲ್ಲ, ಇನ್ನೇನು ಬೇಕು?”

ಕೌಂಟರಿನ ಮೇಲಿದ್ದ ಲ್ಯಾಪ್‌ಟಾಪನ್ನು ಅವಳು ಕೈಯಿಂದ ಹುಡುಕಿ ಎಳೆದುಕೊಂಡಳು. “ಓದೋದು ಬೇಕು,” ಎಂದಳು ಹಿಂದಿಯಲ್ಲಿ. “ನಿನಗೆ ಕಾಣುತ್ತಲ್ಲ, ನೀನು ಸರಿಯಾಗಿ ಓದಿದೆಯಾ?”

ಅಳಿಸಿದ ಕಡತವನ್ನು ಮರಳಿ ಪಡೆಯಲು ಭಾನುವಾರವಿಡೀ ಯತ್ನಿಸಿದೆವು. ಸಿಗಲಿಲ್ಲ. ದಿನಾಂಕ ಮುಂದೂಡಲು ಕೋರಿದ ಅವಳ ಇಮೇಲಿಗೆ ಉತ್ತರ ಬರಲಿಲ್ಲ.

ಸೋಮವಾರ ದನಿಯೊಂದನ್ನೇ ನಂಬಿ ಬರೆದಳು. ಅನುಮಾನ ಬಂದ ಪ್ರತಿ ಪದವನ್ನೂ ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡು ಪರೀಕ್ಷಿಸಬೇಕಾಯಿತು. ಕೊನೆಯ ಎರಡು ಪ್ಯಾರಾ ಅನುವಾದವಾಗದೆ ಉಳಿದವು. ಬಡ್ತಿಯ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.

ಆ ಅಂಗಡಿಯವನ ಮೇಲಿನ ಸಿಟ್ಟು ನನಗೆ ಇನ್ನೂ ಆರಿಲ್ಲ. ಅವಳ ಸಿಟ್ಟು ಅವನ ಮೇಲಷ್ಟೇ ಅಲ್ಲ. ಫಲಿತಾಂಶ ಬಂದ ದಿನ, ಇನ್ನೊಂದು ಅಂಗಡಿ ಹುಡುಕುತ್ತೇನೆ ಎಂದೆ.

“ಬೇಡ,” ಎಂದಳು. “ಪಟ್ಟಿ ತಗೊಂಡು ಹೋಗಿ ಅಂತ ನಾನು ಹೇಳಿದ್ದೆ. ಇನ್ಮೇಲೆ ನಾನೇ ಹೋಗ್ತೀನಿ.”