ಅವಸರಪ್ಪನ ಅರ್ಧ ಗಂಟೆ

ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ದಾಂಪತ್ಯ ಸಂಧಾನ ಕಚೇರಿಯಲ್ಲಿ ಎಲ್ಲರಿಗೂ ಅವನು ಅವಸರಪ್ಪ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಕಾಯುವುದೆಂದರೆ ಅವನಿಗೆ ಮೈಯೆಲ್ಲ ಉರಿ. ಲಿಫ್ಟಿಗೆ ಕಾಯಲಾರದೆ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಮೇಲೆ ನಿಂತು, ಲಿಫ್ಟಿನಿಂದ ಇಳಿದವರನ್ನು "ಈಗ ಬಂದ್ರಾ?" ಎಂದು ಕೇಳುತ್ತಿದ್ದ. ಚಹಾ ಆರಲಿ ಎಂದು ಕಾದವನಲ್ಲ, ಹಾಗಾಗಿ ನಾಲಿಗೆ ಸುಟ್ಟುಕೊಳ್ಳದ ದಿನವಿರಲಿಲ್ಲ. ಮಗಳಿಗೆ ಗಂಡು ಗೊತ್ತು ಮಾಡಿದ್ದೂ ಇದೇ ವೇಗದಲ್ಲಿ. ಸೋಮವಾರ ನೋಡಿದ, ಮಂಗಳವಾರ ಒಪ್ಪಿದ, "ಒಳ್ಳೇ ಹುಡುಗ, ಇನ್ನೇನು ನೋಡೋದು?" ಎಂದ. ಹುಡುಗ ಒಳ್ಳೆಯವನೇ. ಅದರಲ್ಲಿ ಅವಸರಪ್ಪ ತಪ್ಪಿರಲಿಲ್ಲ.

ಮುನಿಸಿಕೊಂಡ ಗಂಡ ಹೆಂಡಿರು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಬರುವ ಜಾಗ ಆ ಕಚೇರಿ. ಸಲಹೆಗಾರ್ತಿ ಮೇಡಂ ಎದುರು ಅವರು ಹೇಳಿಕೊಂಡಿದ್ದೆಲ್ಲ ಕಂಪ್ಯೂಟರಿಗೆ ಹೋಗುತ್ತಿತ್ತು. ಎಲ್ಲೋ ಬೇರೊಂದು ಕಚೇರಿಯಲ್ಲಿ ಕಳ್ಳನೊಬ್ಬ ಕಂಪ್ಯೂಟರನ್ನೇ ಹೊತ್ತುಕೊಂಡು ಹೋಗಿ, ಯಾರದೋ ಮನೆಯ ಗುಟ್ಟು ಬೀದಿಗೆ ಬಿತ್ತಂತೆ. ಮೇಲಿನಿಂದ ಆಜ್ಞೆ ಬಂತು: ಡಿಸ್ಕಿನಲ್ಲಿರುವುದೆಲ್ಲ ಗೂಢಲಿಪಿಯಲ್ಲಿರಬೇಕು, ಒಂದು ಜೋಡಿ ಎದ್ದು ಹೋದ ಕೂಡಲೇ ಯಂತ್ರ ಆರಿಸಬೇಕು, ಮುಂದಿನ ಜೋಡಿಗೆ ಮತ್ತೆ ಪಾಸ್‌ವರ್ಡ್ ಹಾಕಿ ತೆರೆಯಬೇಕು. ಆಜ್ಞೆಯ ಜೊತೆ ಹೊಸ ಕಂಪ್ಯೂಟರು ಬರಲಿಲ್ಲ. ಆಜ್ಞೆಗೆ ಖರ್ಚಿಲ್ಲ ನೋಡಿ.

ಇದ್ದವು ಮುದಿ ಯಂತ್ರಗಳು. ಬೇರೇನನ್ನೂ ಹೊರಲಾರವು ಎಂದು ಅವಸರಪ್ಪನೇ ಅವಕ್ಕೆ ಲಿನಕ್ಸ್ ಎಂಬ ಹಗುರ ತಂತ್ರಾಂಶ ಹಾಕಿದ್ದ. ಹೊಸ ಪ್ರೊಸೆಸರುಗಳಲ್ಲಿ ಗೂಢಲಿಪಿ ಬಿಡಿಸಲೆಂದೇ ಒಂದು ಏರ್ಪಾಡು ಇರುತ್ತದೆ. ಈ ಹಳೆಯವು ಬೆರಳು ಮಡಿಸಿ ಎಣಿಸುವವರ ಹಾಗೆ ಪ್ರತಿಯೊಂದನ್ನೂ ಲೆಕ್ಕ ಹಾಕಿಯೇ ಬಿಡಿಸಬೇಕು. ಯಂತ್ರ ಎದ್ದು ಒಂದು ಫೈಲು ತೆರೆಯುವಷ್ಟರಲ್ಲಿ ಮೇಡಂ ಊಟದ ಡಬ್ಬಿ ತೊಳೆದು, ಒರೆಸಿ, ಚೀಲಕ್ಕೆ ಹಾಕಿಯಾಗುತ್ತಿತ್ತು. ಅಷ್ಟು ಹೊತ್ತೂ ಜೋಡಿಗಳು ಹೊರಗಿನ ಬೆಂಚಿನ ಮೇಲೆ ಕಾಯಬೇಕು. ಎರಡು ತುದಿಯಲ್ಲಿ ಮುಖ ತಿರುಗಿಸಿ ಕೂತವರು, ಬೇರೆ ಗತಿಯಿಲ್ಲದೆ, ಗ್ಯಾಸ್ ಆರಿಸಿ ಬಂದ್ಯಾ ಅಂತಲೋ ಕೆಮ್ಮು ಹೇಗಿದೆ ಅಂತಲೋ ಮಾತು ತೆಗೆಯುತ್ತಿದ್ದರು. ಕೆಲವರು ಒಳಗೆ ಬರದೆಯೇ ಒಟ್ಟಿಗೆ ಮನೆಗೆ ಹೋಗಿಬಿಡುತ್ತಿದ್ದರು.

ಅವಸರಪ್ಪ ಬೆಂಚನ್ನು ನೋಡಿದವನಲ್ಲ. ಅವನಿಗೆ ಕಂಡದ್ದು ಎದ್ದೇಳದ ಪರದೆ ಮಾತ್ರ. ರಜೆಗಳಲ್ಲೆಲ್ಲ ಕೂತು ಹುಡುಕಿದ. ಅಗ್ಗದ ಫೋನುಗಳಿಗೆಂದೇ ಮಾಡಿದ ಇನ್ನೊಂದು ಗೂಢಲಿಪಿ ವಿಧಾನ ಸಿಕ್ಕಿತು. ಭದ್ರತೆಗೆ ಕೊರತೆಯಿಲ್ಲ, ಹಳೆಯ ಪ್ರೊಸೆಸರಿಗೆ ಭಾರವೂ ಇಲ್ಲ. ಎಲ್ಲದಕ್ಕೂ ನಕಲು ತೆಗೆದಿಟ್ಟುಕೊಂಡು, ಒಂದೊಂದೇ ಡಿಸ್ಕನ್ನು ಅದಕ್ಕೆ ಬದಲಾಯಿಸಿದ. ಮುದಿ ಯಂತ್ರಗಳಿಗೆ ಪ್ರಾಯ ಬಂತು. ಕಚೇರಿಯಲ್ಲಿ ಚಪ್ಪಾಳೆ, ಮನೆಯಲ್ಲಿ ಊಟಕ್ಕೆ ಕೂತಾಗೆಲ್ಲ ಅದೇ ಪುರಾಣ.

"ನಿಧಾನವೇ ಪ್ರಧಾನ ಕಣ್ರೀ" ಎಂದಳು ಹೆಂಡತಿ, ಕೇಳಿ ಕೇಳಿ ಸಾಕಾಗಿ.

"ಅದು ಕೈಲಾಗದವರು ಕಟ್ಟಿದ ಗಾದೆ" ಎಂದ.

ಒಂದು ದಿನ ಮೇಡಂ ಕರೆದರು. "ನಿಮ್ಮ ಉಪಕಾರದಿಂದ ಕೆಲಸ ಬೇಗ ಮುಗೀತಿದೆ ಅವಸರಪ್ಪನವರೇ. ಸಂಸಾರಗಳೂ."

"ಅಂದ್ರೆ?"

"ಮೊದಲು ನನಗಿಂತ ಆ ಬೆಂಚೇ ಹೆಚ್ಚು ಜನರನ್ನ ಒಂದು ಮಾಡ್ತಿತ್ತು. ಈಗ ಕೂರೋಕೂ ಪುರುಸೊತ್ತಿಲ್ಲ. ಬರ್ತಾರೆ, ಸಹಿ ಹಾಕ್ತಾರೆ, ಹೋಗ್ತಾರೆ."

ಬೇರೆ ಕಾಲವಾಗಿದ್ದರೆ ಅವಸರಪ್ಪ ನಕ್ಕುಬಿಡುತ್ತಿದ್ದ. ಆದರೆ ಕೆಲವು ತಿಂಗಳ ಹಿಂದೆ ಮಗಳು ಪೆಟ್ಟಿಗೆ ಹಿಡಿದು ತವರಿಗೆ ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಇವನು "ಎಲ್ಲಾ ಸರಿಹೋಗುತ್ತೆ, ನಮ್ಮ ಮೇಡಂ ಇದ್ದಾರಲ್ಲ" ಎಂದು ಅರ್ಜಿ ಹಾಕಿಸಿದ್ದ. ಬರುವ ವಾರ ಮಗಳು ಅಳಿಯನ ಕೊನೆಯ ಭೇಟಿ. ಅಂದು ಇಬ್ಬರೂ ಬೇರೆಯಾಗುವ ಕಾಗದಕ್ಕೆ ಸಹಿ ಹಾಕಿದರೆ ಮುಗಿಯಿತು. ತಾನು ತೋಡಿದ ಗುಂಡಿಗೆ ಮಗಳ ಸಂಸಾರ ಬೀಳುವುದನ್ನು ನೋಡುತ್ತ ಕೂರಲು ಅವನಿಂದಾಗಲಿಲ್ಲ.

ಲಿನಕ್ಸಿನ ಬೀಗದಲ್ಲಿ ಒಂದು ಅಂಕಿ ಇರುತ್ತದೆ. ಪಾಸ್‌ವರ್ಡ್ ಕೊಟ್ಟಮೇಲೆ ಎಷ್ಟು ಹೊತ್ತು ಲೆಕ್ಕ ಹಾಕಿ ಬಾಗಿಲು ತೆರೆಯಬೇಕೆಂಬುದು ಅದರಿಂದ ತೀರ್ಮಾನವಾಗುತ್ತದೆ. ಕಳ್ಳ ಒಂದಾದ ಮೇಲೊಂದು ಪಾಸ್‌ವರ್ಡ್ ಊಹಿಸುತ್ತ ಹೋದರೆ ಅವನಿಗೆ ಸಾಕುಸಾಕಾಗಲಿ ಎಂದು ಮಾಡಿದ ಉಪಾಯ. ಸಾಮಾನ್ಯವಾಗಿ ಒಂದೆರಡು ಸೆಕೆಂಡು ಸಾಕು. ಭೇಟಿಯ ಹಿಂದಿನ ಸಂಜೆ ಅವಸರಪ್ಪ ಮೇಡಂ ಯಂತ್ರದಲ್ಲಿ ಅದನ್ನು ಅರ್ಧ ಗಂಟೆಗೆ ಏರಿಸಿದ. ಕಳ್ಳನಿಗೆ ಇಟ್ಟ ಶಿಕ್ಷೆ ಅಳಿಯನ ಪಾಲಾಯಿತು.

ಮರುದಿನ ಬೆಳಿಗ್ಗೆ ಮೇಡಂ ಪಾಸ್‌ವರ್ಡ್ ಹಾಕಿದರು. ಪರದೆ ಕಪ್ಪಗೆ ಕೂತಿತು.

"ಏನ್ರೀ ಇದು?"

"ಹಳೇ ಯಂತ್ರ ಅಲ್ವಾ ಮೇಡಂ" ಎಂದ ಅವಸರಪ್ಪ, ಗೋಡೆ ನೋಡುತ್ತ.

ಮೇಡಂ ಅವನ ಮುಖ ನೋಡಿದರು, ಗಾಜಿನಾಚೆ ಬೆಂಚಿನ ಮೇಲಿದ್ದ ಜೋಡಿಯನ್ನು ನೋಡಿದರು, ಊಟದ ಡಬ್ಬಿ ತೊಳೆಯಬೇಕು ಎಂದು ಎದ್ದು ಹೋದರು. ಡಬ್ಬಿಯಲ್ಲಿ ಊಟ ಇನ್ನೂ ಹಾಗೇ ಇತ್ತು.

ಅವಸರಪ್ಪ ಗಾಜಿಗೆ ಕಣ್ಣು ಅಂಟಿಸಿ ನಿಂತ. ಮೊದಲು ಇಬ್ಬರೂ ತಮ್ಮ ತಮ್ಮ ಫೋನು ನೋಡುತ್ತಿದ್ದರು. ಆಮೇಲೆ ಅಳಿಯ ಏನೋ ಹೇಳಿದ, ಮಗಳು ನಕ್ಕಳು. ಮತ್ತೇನೋ ಹೇಳಿದ, ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಸರಪ್ಪನ ಎದೆ ಉಬ್ಬಿತು. ಸಂಜೆ ಹೆಂಡತಿಗೆ ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕೆಂದು ಯೋಚಿಸುತ್ತಿರುವಾಗಲೇ ಮಗಳು ಎದ್ದು ಬಾಗಿಲಿಗೆ ಬಂದಳು.

"ಅಪ್ಪಾ, ಎಷ್ಟು ಹೊತ್ತಿಗೆ ಇಟ್ಟಿದ್ದೀರಾ?"

"ಏನನ್ನ?"

"ಒಂದು ತಿಂಗಳಿಂದ ಊಟದ ಜೊತೆ ಈ ಬೀಗದ ಪುರಾಣವನ್ನೇ ಬಡಿಸಿದ್ದೀರಿ. ಕಣ್ಣು ಮಿಟುಕಿಸೋಷ್ಟರಲ್ಲಿ ತೆರೆಯೋ ಯಂತ್ರ ಇವತ್ತೇ ಯಾಕೆ ಮಲಗಿಬಿಡ್ತು? ಕಳ್ಳಾಟ ನಿಮಗೆ ಬರಲ್ಲ ಅಪ್ಪ. ತೆರೆದುಬಿಡಿ."

ಅವಸರಪ್ಪನ ಮುಖ ಹುಳ್ಳಗಾಯಿತು. ತೆರೆಯಬೇಕೆಂದರೂ ದಾರಿಯಿರಲಿಲ್ಲ. ಆರಿಸಿ ಮತ್ತೆ ಹಾಕಿದರೆ ಲೆಕ್ಕ ಮೊದಲಿನಿಂದ ಶುರು.

"ಅರ್ಧ ಗಂಟೆ" ಎಂದ. "ಈಗ ನನ್ನ ಕೈಯಲ್ಲೂ ಇಲ್ಲ."

"ಹಾಗಾದ್ರೆ ಬನ್ನಿ ಮಾವ, ಕೂತ್ಕೊಳ್ಳಿ" ಎಂದು ಅಳಿಯ ಸರಿದು ಜಾಗ ಮಾಡಿದ.

ಅವಸರಪ್ಪ ಇಬ್ಬರ ನಡುವೆ ಕೂತ. ಕಾಲು ಕುಣಿಸಿದ. ಗಡಿಯಾರ ನೋಡಿದ.

"ಚೆನ್ನಾಗಿ ನಗ್ತಾ ಇದ್ರಲ್ಲ?"

"ನಿಮ್ಮ ವಿಷಯವೇ ಮಾವ. ನೀವು ಗಾಜಿನ ಹಿಂದೆ ನಿಂತಿದ್ದು ಕಾಣ್ತಿತ್ತು."

"ಅದಿರಲಿ, ಜಗಳ ಏನು ಅಂತ ಹೇಳಿ, ಒಂದೇ ನಿಮಿಷದಲ್ಲಿ..."

"ಜಗಳಾನೇ ಇಲ್ಲ. ಸಂಜೆ ಇವಳು ಬೀಗ ತೆಗೆಯೋ ಸದ್ದು ಕೇಳಿದ್ರೆ ನನ್ನ ಎದೆ ಕುಗ್ಗೋದು. ನಾನು ಬಂದಾಗ ಇವಳಿಗೂ ಹಾಗೇ ಆಗ್ತಿತ್ತು ಅಂತ ಇಲ್ಲಿ, ಮೇಡಂ ಎದುರು ಗೊತ್ತಾಗಿದ್ದು."

ಇದಕ್ಕೆ ಉತ್ತರ ಅವಸರಪ್ಪನ ನಾಲಿಗೆಯ ತುದಿಯಲ್ಲೇ ಇತ್ತು: ಎಲ್ಲರ ಮನೆ ದೋಸೆಯೂ ತೂತೇ. ಬೇರೆ ದಿನ ಹೇಳಿ ಎದ್ದು ಹೋಗುತ್ತಿದ್ದ. ಇವತ್ತು ಹೇಳಿದರೂ ಇಲ್ಲೇ ಕೂತಿರಬೇಕು. ಗಾದೆ ನುಂಗಿ ಮಗಳ ಕಡೆ ತಿರುಗಿದ.

ಮಗಳು ನೆಲ ನೋಡುತ್ತ ಹೇಳಿದಳು. "ಹೋದ ವರ್ಷ ಒಂದು ಸಂಜೆ ಬಸ್ ಸ್ಟಾಪಿಂದ ನಿಮಗೆ ಫೋನ್ ಮಾಡಿದ್ದೆ. ಮನೆಗೆ ಹೋಗೋಕೆ ಕಾಲೇ ಬರ್ತಿರಲಿಲ್ಲ, ಬಂದ ಬಸ್ಸನ್ನೆಲ್ಲ ಬಿಡ್ತಾ ಕೂತಿದ್ದೆ. ನೀವು ಫೋನ್ ತೆಗೆದವರೇ 'ಬೇಗ ಹೇಳು ಮಗಳೇ' ಅಂದ್ರಿ. ನನಗೆ ಬೇಗ ಹೇಳೋಕೆ ಬರಲಿಲ್ಲ. ಏನಿಲ್ಲ ಅಪ್ಪ ಅಂತ ಇಟ್ಟುಬಿಟ್ಟೆ."

ಆ ಕರೆ ಅವನಿಗೆ ನೆನಪಿತ್ತು. ಸದ್ಯ, ಬೇಗ ಮುಗಿಯಿತು ಎಂದುಕೊಂಡಿದ್ದ.

"ಈಗ ಹೇಳು" ಎಂದ.

ಅವಳು ಹೇಳತೊಡಗಿದಳು. ಎಲ್ಲಿಂದಲೋ ಶುರುಮಾಡಿದಳು, ನಡುವೆ ಎಷ್ಟೋ ಹೊತ್ತು ನಿಲ್ಲಿಸಿದಳು, ಹೇಳಿದ್ದನ್ನೇ ಮತ್ತೆ ಹೇಳಿದಳು. ಒಂದೆರಡು ಕಡೆ ಅಳಿಯ "ಅಲ್ಲಿ ತಪ್ಪು ನಂದು" ಎಂದು ಸೇರಿಸಿದ. ಅವಸರಪ್ಪನ ಕಾಲು ಕುಣಿಯುವುದು ಯಾವಾಗ ನಿಂತಿತೋ ಅವನಿಗೇ ಗೊತ್ತಾಗಲಿಲ್ಲ.

ಒಳಗೆ ಪರದೆ ಬೆಳಗಿತು. ಮೇಡಂ ಬಾಗಿಲಿಗೆ ಬಂದು, "ತೆರೀತು, ಬನ್ನಿ" ಎಂದರು.

ಮಗಳು ಮಾತು ಅರ್ಧಕ್ಕೇ ನಿಲ್ಲಿಸಿ ಏಳಲು ಹೋದಳು. ಅವಸರಪ್ಪ ಅವಳ ಕೈ ಹಿಡಿದು ಕೂರಿಸಿದ.

"ಸ್ವಲ್ಪ ಹೊತ್ತು ಇರಿ ಮೇಡಂ" ಎಂದ. "ಮಗಳು ಮಾತಾಡ್ತಿದ್ದಾಳೆ."

ಅವಳ ಮಾತು ಮುಗಿದ ಮೇಲೆ ಅವನೇ ಎದ್ದು, ಇಬ್ಬರಿಗೂ ಬಾಗಿಲು ತೆರೆದು ಹಿಡಿದ. ಸಹಿ ಹಾಕಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.