ಹುಣ್ಣಿಮೆಯ ದಿನ ಬನ್ನಿ ಎಂದ ಸುಭದ್ರಾಬಾಯಿ

ಗಾಣಗಾಪುರದ ಗುಡಿಯ ಹಿಂದಿನ ಓಣಿಯಲ್ಲಿ ಟ್ರಸ್ಟೊಂದರ ಚಾಳ ಇದೆ. ಒಂದೇ ಸಾಲು ಬಾಡಿಗೆ ಖೋಲಿಗಳು, ಮುಂದೆ ಉದ್ದನೆಯ ಕಟ್ಟೆ, ಹಿಂದೆ ಜಾಲಿ ಗಿಡಗಳ ಬಯಲು. ಶೌಚಾಲಯ ಇಲ್ಲ.

ಮೂಲೆಯ ಖೋಲಿ ಸುಭದ್ರಾಬಾಯಿಯದು. ಗೊಬ್ಬೂರಿನಿಂದ ಸೊಸೆಯಾಗಿ ಬಂದದ್ದು ಇಲ್ಲಿಗೇ. ಈಗ ಲಾಡ್ಜುಗಳ ಚಾದರ ಒಗೆಯುತ್ತಾಳೆ. ಗಂಡ ಕಲ್ಲಿನಾಥ ಆಟೋ ಓಡಿಸುತ್ತಿದ್ದ. ಹೋದ ವರ್ಷ ಬಿದ್ದು ಸೊಂಟ ಮುರಿದ ಮೇಲೆ ಹೆಂಡತಿಯ ಹೆಗಲಿಲ್ಲದೆ ಹೊಸ್ತಿಲು ದಾಟಲಾರ. ಜಾಲಿಯ ತನಕ ಅವಳೇ ಹೊತ್ತಂತೆ ಒಯ್ಯಬೇಕು. ಹೀಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾನೆ. ಚಹಾ ಕೊಟ್ಟರೆ ಅರ್ಧ ಉಳಿಸುತ್ತಾನೆ.

ಬಾಡಿಗೆ ಚಾಳಗಳಿಗೆ ಶೌಚಾಲಯ ಕಟ್ಟಿಸಿಕೊಡುವ ಸಂಸ್ಥೆಯೊಂದು ಕಲಬುರಗಿಯಲ್ಲಿತ್ತು. ಚಾಳ ನೋಡಿಕೊಳ್ಳುವ ಸಮಿತಿಯಲ್ಲಿ ಬಾಡಿಗೆದಾರರೊಬ್ಬರು ಇರಬೇಕು, ಖೋಲಿಗಳಲ್ಲಿ ಬಾಡಿಗೆದಾರರೇ ವಾಸವಾಗಿರಬೇಕು ಎಂಬುದು ಅದರ ಕರಾರು. ಟ್ರಸ್ಟಿನ ಮ್ಯಾನೇಜರ ವಿಶ್ವಾರಾಧ್ಯ ಎಲ್ಲರನ್ನೂ ಕಟ್ಟೆಗೆ ಕರೆದು ಯಾರು ಬರುತ್ತೀರಿ ಎಂದು ಕೇಳಿದಾಗ ಎಲ್ಲರೂ ಸುಭದ್ರಾಬಾಯಿಯ ಮುಖ ನೋಡಿದರು.

"ಮೆಂಬರಬಾಯಿ, ಕುರ್ಚಿ ಸಿಕ್ತು. ಇನ್ನ ನಮ್ಮ ಗುರ್ತ ಇರ್ತದೋ ಇಲ್ಲೋ?" ಎಂದು ಪಕ್ಕದ ಖೋಲಿಯ, ಬಳೆ ಮಾರುವ ತಸ್ಲೀಮ ಕೆಣಕಿದಳು.

"ಸುಮ್ಮನಿರು ಬೇ. ಸಂಡಾಸ ಆಗ್ಲಿ, ಮೊದಲ ಕೀಲಿ ನಿನ್ನ ಕೈಯಾಗೇ ಕೊಡ್ತೇನಿ."

ಸಮಿತಿಯ ಸಭೆಯಲ್ಲಿ ಸಂಸ್ಥೆಯ ಅನೀಲಕುಮಾರ ಅವಳನ್ನೇ ಕೇಳಿದ: "ಚಾಳ ನೋಡಾಕ ಯಾವತ್ತ ಬರ್ಲಿರಿ ಅಕ್ಕಾರ? ಎಲ್ಲಾರೂ ಇರಬೇಕು."

ಉಳಿದ ದಿನ ಹಗಲು ಬಹಳಷ್ಟು ಖೋಲಿಗಳಿಗೆ ಬೀಗವೇ. ಒಬ್ಬರು ಹೋಟೆಲಿಗೆ, ಒಬ್ಬರು ಹೊಲಕ್ಕೆ. ಹುಣ್ಣಿಮೆಗೆ ಮಾತ್ರ ಯಾರೂ ಊರು ಬಿಡುವುದಿಲ್ಲ.

"ಹುಣ್ವಿ ದಿನ ಬರ್ರಿ ಸಾಹೇಬ್ರ. ಅವತ್ತ ಎಲ್ಲಾರೂ ಇರ್ತಾರ್ರಿ," ಎಂದಳು. ವಿಶ್ವಾರಾಧ್ಯ ಮೊಬೈಲು ನೋಡುತ್ತ ತಲೆಯಾಡಿಸಿದ.

ಹುಣ್ಣಿಮೆ ಬಂತೆಂದರೆ ಚಾಳಿನವರು ಖೋಲಿಗಳನ್ನು ಯಾತ್ರಿಕರಿಗೆ ಬಿಟ್ಟು, ಗಂಟುಮೂಟೆ ಸಮೇತ ಕಟ್ಟೆಗೆ ಬರುತ್ತಾರೆ. ಅತ್ತೆಯರ ಕಾಲದಿಂದ ನಡೆದು ಬಂದದ್ದು. ಸೊಲ್ಲಾಪುರ, ಲಾತೂರಿನ ಅದೇ ಮನೆತನಗಳು ಅದೇ ಖೋಲಿಗಳಿಗೆ ಬರುತ್ತವೆ. ಹೋಗುವಾಗ ತಿಳಿದಷ್ಟು ದುಡ್ಡು ಗೋಡೆಯ ಮಾಡದಲ್ಲಿಟ್ಟು ಹೋಗುತ್ತವೆ. ಅದನ್ನು ಬಾಡಿಗೆ ಎಂದವರಿಲ್ಲ. ಮನೆ ತೆರವು ಮಾಡಿದಂತೆ ಎಂದು ಸುಭದ್ರಾಬಾಯಿಗೂ ಅನಿಸಿರಲಿಲ್ಲ.

ಅನೀಲಕುಮಾರ ಮಧ್ಯಾಹ್ನ ವಿಶ್ವಾರಾಧ್ಯನ ಜೊತೆ ಬಂದ. ಖೋಲಿ ಖೋಲಿಯಲ್ಲೂ ಒದ್ದೆ ಧೋತರ, ಪರ ಊರಿನ ಮುಖ. ಮೂಲೆಯ ಖೋಲಿಯ ಬಾಗಿಲಲ್ಲಿ ಕೂತ ಮುದುಕಿಯನ್ನು ಇದು ಯಾರ ಮನೆ ಎಂದು ಕೇಳಿದ. ನಮ್ಮದೇ ಖೋಲಿ ಎಂದು ಆಕೆ ಮರಾಠಿಯಲ್ಲಿ ಹೆಮ್ಮೆಯಿಂದ ಹೇಳಿದಳು.

"ಅಕ್ಕಾರ, ಇದು ಲಾಡ್ಜ ಆತಲ್ರಿ."

"ಇಲ್ರಿ ಸಾಹೇಬ್ರ! ಅವ್ರು ಹುಣ್ವಿಗೆ ಬಂದವ್ರು, ನಾಳಿ ಹೋಗ್ತಾರ. ನಾವು ಇಲ್ಲೇ ಅದೇವಲ್ರಿ, ಕಟ್ಟಿ ಮ್ಯಾಲ."

"ನನಗ ತಿಳೀತದ್ರಿ. ಆದ್ರ ಕಂಡದ್ದನ್ನೇ ಬರೀಬೇಕು. ಎರಡನೇ ಸಲ ಬರೋದು ನನ್ನ ಕೈಯಾಗಿಲ್ರಿ."

"ದಿನ ಕೊಟ್ಟವ್ರು ನಿಮ್ಮ ಮೆಂಬರೇ," ಎಂದ ವಿಶ್ವಾರಾಧ್ಯ, ಕಟ್ಟೆಯ ಮೇಲಿದ್ದವರಿಗೆ.

"ನೀವೂ ಅಲ್ಲೇ ಕುಂತಿದ್ರಲ್ರಿ ಮ್ಯಾನೇಜರ್ರ," ತಸ್ಲೀಮ ಎದ್ದು ನಿಂತಳು. "ಹುಣ್ವಿ ಅಂದ್ರ ಏನಂತ ನಿಮಗ ಗೊತ್ತಿರ್ಲಿಲ್ಲೇನು?"

ವಿಶ್ವಾರಾಧ್ಯ ಮತ್ತೆ ಮೊಬೈಲು ತೆಗೆದ. ಏನೂ ತಿಳಿಯದ ಮುದುಕಿ ಎದ್ದು ಬಂದು ಅನೀಲಕುಮಾರನಿಗೆ ಪ್ರಸಾದ ಕೊಟ್ಟಳು. ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಹೊರಟುಹೋದ.

ಕಟ್ಟೆಯ ಕೊನೆಗೆ, ಗೋಡೆಗೆ ಒರಗಿದ್ದ ಕಲ್ಲಿನಾಥ ಎಲ್ಲವನ್ನೂ ಕೇಳಿಸಿಕೊಂಡಿದ್ದ. ತಸ್ಲೀಮ ಚಹಾ ಮಾಡಿ ತಂದಳು. ಎರಡು ಗುಟುಕು ಕುಡಿದು ಅವನು ಲೋಟ ಕೆಳಗಿಟ್ಟ.

"ಪೂರ್ತಿ ಕುಡೀರಿ," ಎಂದಳು ಸುಭದ್ರಾಬಾಯಿ.

"ಸಾಕು. ಇವತ್ತ ಜಾಲ್ಯಾಗೂ ಮಂದಿ ಭಾಳ."