ವೆಲ್ಡರ್ ಓಬಳೇಶರ ಬೆಳಗಿನ ಪಾಠ

“ಹಂಗಾದ್ರ ಇದನ್ನ ಹಿಡ್ಕಂಡೋರು ಯಾರು?”

ಪ್ರಶ್ನೆ ಯಾರಿಗೂ ಅಲ್ಲ. ಹರಪನಹಳ್ಳಿಯ ಮೆಕ್ಕೆಜೋಳದ ಮಂಡಿಗಳ ರಸ್ತೆಯಲ್ಲಿ ಇನ್ನೂ ಲಾರಿಗಳ ಸದ್ದು ಎದ್ದಿಲ್ಲ. ಅರ್ಧ ಎತ್ತಿದ ಷಟರಿನ ಕೆಳಗೆ ಕುಳಿತ ವೆಲ್ಡರ್ ಓಬಳೇಶ, ಸೀಮೆಸುಣ್ಣದಿಂದ ಬಂಡೆಯ ಮೇಲೆ ಒಂದು ಚೌಕ ಬರೆದಿದ್ದಾರೆ. ಚೌಕದಿಂದ ಕೆಳಕ್ಕೊಂದು ಬಾಣ. ತೊಡೆಯ ಮೇಲೆ ಕಾಲೇಜಿನ ಮೊದಲ ವರ್ಷದವರು ಓದುವ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಪುಸ್ತಕ. ಇಂಗ್ಲಿಷ್ ಸಾಲುಗಳನ್ನು ಪಾರಾಯಣ ಮಾಡುವವರ ಹಾಗೆ ತುಟಿ ಅಲುಗಿಸಿ ಎರಡೆರಡು ಸಲ ಓದಿಕೊಳ್ಳುತ್ತಾರೆ. ಅರ್ಥವಾಗದ ಸಾಲು ಬಂದಾಗ ದನಿ ತಗ್ಗುತ್ತದೆ.

ಪುಸ್ತಕ ತಂಗಿ ಸಂಘಮಿತ್ರಾ ಅವರದು. ಡಿಪ್ಲೊಮಾ ಮುಗಿಸಿದ ಅವರಿಗೆ ಈಗ ಸಂಬಳದ ಕೆಲಸವಿದೆ. ಬಸ್ಸಿಗೆ ಹೋಗುವ ಮೊದಲು ಅಣ್ಣನ ಚಿತ್ರ ತಿದ್ದುವುದು ರೂಢಿ. ಅವರು ಬರುವಷ್ಟರಲ್ಲಿ ಚೌಕದ ಕೆಳಗೆ ನೆಲವೆಂದು ಒಂದು ಗೆರೆ ಸೇರಿದೆ.

“ನೆಲ ಯಾಕ ಬರ್ದಿ? ಅಳಿಸು. ವಸ್ತು ಒಂದ ಇರ್ಬೇಕು. ನೆಲ ಅದನ್ನ ಮ್ಯಾಲಕ್ಕ ನೂಕ್ತೈತಲ್ಲ, ಅದಕ್ಕೊಂದು ಬಾಣ ಹಾಕು, ಸಾಕು.”

“ನೆಲಾನ ಅಳಿಸಿದ್ರ ಬೀಳಂಗಿಲ್ಲೇನು?”

“ನೆಲ ಇದ್ದಾಗ್ಲೂ ಬೀಳಿಸಿದ್ದಿಯಲ್ಲ,” ಎಂದವರೇ ಸಂಘಮಿತ್ರಾ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಓಬಳೇಶ ತಲೆ ಎತ್ತುವುದಿಲ್ಲ. ಗೆರೆಯನ್ನು ಅಂಗೈಯಿಂದ ಒರೆಸುತ್ತಾರೆ.

ಬಿದ್ದದ್ದು ಪಕ್ಕದ ಓಣಿಯ ಪಕ್ಕೀರಮ್ಮನ ಮನೆಯ ನೀರಿನ ಟ್ಯಾಂಕಿನ ಸ್ಟ್ಯಾಂಡು. ಹತ್ತನೇ ತರಗತಿಗೆ ಶಾಲೆ ಬಿಟ್ಟು, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವವರ ಬಳಿ ಬೆಸುಗೆ ಕಲಿತ ಓಬಳೇಶರಿಗೆ ಒಂದೇ ಪರೀಕ್ಷೆ ಗೊತ್ತಿತ್ತು: ಸ್ಟ್ಯಾಂಡ್ ನಿಲ್ಲಿಸಿ, ಮೂವರು ಹತ್ತಿ ಕುಣಿಯುವುದು. ಇಲ್ಲಿನ ವೆಲ್ಡರುಗಳೆಲ್ಲ ಮಾಡುವುದು ಅದನ್ನೇ. ಅಂದೂ ಕುಣಿದರು, ನಟ್ಟನಡುವೆ. ಅಲುಗಲಿಲ್ಲ. ನೆಲಕ್ಕೆ ಬೋಲ್ಟ್ ಹಾಕಲಿಲ್ಲ. ಆಮೇಲೆ ನೀರಿನ ಪೈಪಿನ ಉದ್ದ ಸಾಲದೆ, ಟ್ಯಾಂಕನ್ನು ಸ್ಟ್ಯಾಂಡಿನ ಕಾಲುಗಳಿಂದ ಆಚೆಗೆ ಚಾಚಿದ್ದ ಅಂಚಿಗೆ ಸರಿಸಿದರು. ಖಾಲಿ ಟ್ಯಾಂಕು ನಿಂತಿತು. ತುಂಬಿದ ಟ್ಯಾಂಕು ಸ್ಟ್ಯಾಂಡಿನ ಸಮೇತ ಮಗುಚಿತು. ಕೆಳಗೆ ಜೋಳ ಹಸನು ಮಾಡುತ್ತಿದ್ದ ಪಕ್ಕೀರಮ್ಮನ ಎಡ ಮಣಿಕಟ್ಟು ಮುರಿಯಿತು.

“ಎಷ್ಟ್ ಜೋರು ಕುಣಿದ್ವಿ ಅನ್ನೋದ ನಮ್ ಲೆಕ್ಕ ಆಗಿತ್ರಿ,” ಎನ್ನುತ್ತಾರೆ ಓಬಳೇಶ. “ಎಲ್ಲಿ ಕುಣಿದ್ವಿ ಅನ್ನೋದು ತಲಿಗೆ ಬರ್ಲಿಲ್ಲ. ಈ ಪುಸ್ತಕದಾಗ ಅದಕ್ಕ ಒಂದು ಪಾಠನ ಐತಿ. ಓದಿದಷ್ಟೂ ಆಕಿ ಮುಂದ ಮಾರಿ ಎತ್ತಿ ನೋಡಾಕ ಆಗವಲ್ದು.”

ಅಂದಿನಿಂದ ಅವರು ಎತ್ತರದ ಕೆಲಸ ಮುಟ್ಟಿಲ್ಲ. ಕಿಟಕಿಯ ಸರಳು, ಗೇಟಿನ ಕೀಲು, ನೇಗಿಲಿನ ಕುಳ, ಇಷ್ಟೇ. ಬೆಳಗಿಗೆ ಒಂದು ಪುಟ ದಾಟಿದರೆ ಹೆಚ್ಚು.

ಬೆಳಕು ಹರಿಯುವ ಹೊತ್ತಿಗೆ ಪಕ್ಕೀರಮ್ಮ ಬರುತ್ತಾರೆ. ಖಾನಾವಳಿಗಳಿಗೆ ರೊಟ್ಟಿ ಕೊಡುವವರು. ಎಡಗೈ ತಿರುಗದ ಕಾರಣ ಈಗ ಒಂದೇ ಕೈಯಲ್ಲಿ ತಟ್ಟುತ್ತಾರೆ. ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯನ್ನು ಪುಸ್ತಕದ ಪಕ್ಕ ಇಡುತ್ತಾರೆ.

“ಏನಪಾ ಕಾಲೇಜು ಹುಡುಗಾ, ಪಾಸಾದೇನು?”

ಓಬಳೇಶ ಎದ್ದು ನಿಲ್ಲುತ್ತಾರೆ. ಕಣ್ಣು ಆಕೆಯ ಕೈಯ ಕಡೆ ಹೋಗಿ, ತಿರುಗುತ್ತದೆ.

“ದಿನಾ ನಸಿಕಿನಾಗ ಕಳ್ಳನಂಗ ಬಂದು ನನ್ ಕೊಡಾ ತುಂಬಿಟ್ಟು ಹೋಗ್ತೀ. ನಂಗೇನ್ ಗೊತ್ತಾಗಂಗಿಲ್ಲೇನಲೇ? ಅದು ಬ್ಯಾಡ. ಇನ್ನೊಂದು ಸ್ಟ್ಯಾಂಡ್ ಮಾಡಿಕೊಡು. ಬ್ಯಾರೆಯವ್ರ ಕೈಲಿ ಮಾಡಿಸಿದ್ರ ಊರಾಗ ನಿನ್ ಹೆಸರು ಹಿಂಗ ಉಳಿದುಬಿಡ್ತೈತಿ.”

“ನಾ ಚಿತ್ರ ಹಾಕಿಕೊಡ್ತೀನಣ್ಣಾ,” ಎನ್ನುತ್ತಾರೆ ಸಂಘಮಿತ್ರಾ. “ನೀ ಬೆಸುಗಿ ಹಾಕಿದ್ರ ಸಾಕು.”

ರಸ್ತೆಯಲ್ಲಿ ಮೊದಲ ಲಾರಿ ಹಿಮ್ಮುಖವಾಗಿ ಮಂಡಿಗೆ ಸರಿಯುತ್ತಿದೆ.

“ಸ್ಟ್ಯಾಂಡು ಯಾಕ ನಿಂತೈತಿ ಅನ್ನೋದು ತಂಗಿಗೆ ಗೊತ್ತಿರ್ತೈತಿ, ನಂಗಿರಂಗಿಲ್ಲ. ಮತ್ತ ಕುಣಿದು ನೋಡಿದಂಗ ಆತು,” ಎಂದು ಓಬಳೇಶ ತಲೆ ಅಲ್ಲಾಡಿಸುತ್ತಾರೆ.

“ಹಿರಿಯಾಕಿ ಕೇಳಾಕತ್ತೀನಿ. ಹೂಂ ಅನ್ನು.”

“ಇಲ್ಲಮ್ಮಾ,” ಎನ್ನುತ್ತಾರೆ ಓಬಳೇಶ, ಮೊದಲ ಸಲ ಆಕೆಯ ಮುಖ ನೋಡಿ. “ನಾ ಮಾಡಂಗಿಲ್ಲ.”